ಆರತಿ ಎತ್ತದ ಇನ್‌ಚಾರ್ಜ್

"ನಾಳೆ ನಿನಗೊಂದು ಜ್ವರ ಬರಲಿ" ಎಂದು ಕಟ್ಟಿಕೊಂಡ ಹೆಂಡತಿಗೆ ಹಾರೈಸಿದ ಗಂಡ ಹಾಸನ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಬೈಯಬೇಡಿ, ಮೊದಲು ಕಾರಣ ಕೇಳಿ. ಜ್ವರ ಬಂದರೆ ಅವಳಿಗೆ ರಜೆ. ರಜೆ ಸಿಕ್ಕರೆ ಆಯುಧಪೂಜೆಯಿಂದ ಬಚಾವ್.

ಹೊಸ ಓದುಗರಿಗೆ ಒಂದು ಮಾತು. ನನ್ನ ಹೆಂಡತಿ ಸ್ಟೆಲ್ಲಾ ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಹೊಲಿಗೆ ಮಷಿನ್ ಮುಂದೆ ಕೂತು ಶುರು ಮಾಡಿದವಳು, ಸೂಪರ್‌ವೈಸರ್ ಆಗಿ, ಈ ವರ್ಷ ಇಡೀ ಫ್ಲೋರಿಗೇ ಇನ್‌ಚಾರ್ಜ್ ಆದಳು. (ಹೌದು, ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ. ಹೆಂಡತಿಯ ವಿಷಯದಲ್ಲಿ ಜಂಬಪಡುವುದು ಪಾಪ ಎಂದು ನಮ್ಮ ಚರ್ಚಿನ ಫಾದರ್ ಕೂಡ ಹೇಳಿಲ್ಲ.) ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬೆಳಿಗ್ಗೆ ವ್ಯಾನ್‌ಗಳಲ್ಲಿ ಬಂದಿಳಿಯುವ ಹೆಂಗಸರೆಲ್ಲ ಈಗ ಅವಳ ಕೈಕೆಳಗೆ. ಆದರೆ ಹುದ್ದೆ ಇನ್ನೂ ಟ್ರಯಲ್ ಮೇಲಿತ್ತು. ಬೆಂಗಳೂರಿನ ಹೆಡ್ ಆಫೀಸಿನ ಸಾಹೇಬರು ಒಂದು ದಿನ ಬಂದು ನೋಡಿ, ಸರಿ ಎಂದರೆ ಖಾಯಂ.

ಅವರು ಬರಲು ಆರಿಸಿಕೊಂಡ ದಿನ ಯಾವುದು ಹೇಳಿ? ಆಯುಧಪೂಜೆ.

ಆ ಫ್ಲೋರಿನಲ್ಲೊಂದು ಪದ್ಧತಿ ಇದೆ. ಆ ದಿನ ಮಷಿನ್‌ಗಳಿಗೆ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಆರತಿ ಎತ್ತುವವರು ಇನ್‌ಚಾರ್ಜೇ ಆಗಿರಬೇಕು. ನಾವೋ ಕ್ರೈಸ್ತರು. ಇಷ್ಟು ವರ್ಷ ಸ್ಟೆಲ್ಲಾ ಹಿಂದೆ ನಿಂತಿದ್ದು, ಎಲ್ಲ ಮುಗಿದ ಮೇಲೆ ಕಡ್ಲೆಪುರಿ ಇಸ್ಕೊಂಡು ಮನೆಗೆ ಬರುತ್ತಿದ್ದಳು. ಹಿಂದಿನ ಸಾಲಿನವರ ಧರ್ಮ ಯಾರಿಗೆ ಬೇಕು? ಈ ಸಲ ಮುಂದೆ ನಿಲ್ಲಬೇಕಿತ್ತು.

ಸಲಹೆಗೇನು ಬರ? "ಸುಮ್ನೆ ತಟ್ಟೆ ತಿರುಗಿಸಿಬಿಡಮ್ಮ, ದೇವರಿಗೆ ಮನಸ್ಸು ಗೊತ್ತಿರುತ್ತೆ" ಎಂದರು ಚರ್ಚಿನ ಒಬ್ಬ ಹಿರಿಯರು. "ಪೂಜೆಯನ್ನೇ ಕ್ಯಾನ್ಸಲ್ ಮಾಡು, ನೀನೇ ತಾನೆ ಬಾಸು?" ಎಂದ ಅವಳ ಅಣ್ಣ. ನನ್ನ ಪಾಲಿನ ಸಲಹೆ ಜ್ವರ.

"ಕುರ್ಚಿ ಕೊಟ್ಟ ದಿನ ಗಟ್ಟಿಮುಟ್ಟಾಗಿದ್ದೆನಲ್ಲ ರೀ. ಕಷ್ಟದ ದಿನಕ್ಕೆ ಸರಿಯಾಗಿ ಜ್ವರ ಬರುತ್ತಾ?" ಎಂದಳು. ನಾನು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ.

ಅವಳು ಇಂಥವಳೇ. ಪ್ರಮೋಷನ್ ಆದಾಗ ಚರ್ಚಿನವರು ಬೈಬಲ್ ವಾಕ್ಯದ ಫ್ರೇಮ್ ಒಂದನ್ನು ಕೊಟ್ಟರು, ಆಫೀಸಿನ ಗೋಡೆಗೆ ಹಾಕಿಕೊಳ್ಳಲಿ ಎಂದು. ಇವಳು ಅದನ್ನು ಮನೆಯ ಬೀರುವಿನಲ್ಲಿಟ್ಟಳು. ಯಾಕೆ, ನಾಚಿಕೆಯಾ ಎಂದು ಕೆಣಕಿದೆ. "ಗೋಡೆ ಮೇಲಿನ ಮಾತು ನೋಡಿಕೊಂಡು ಜನ ನನ್ನ ಅಳೀತಾರೆ. ಮೊದಲು ಅಷ್ಟು ಎತ್ತರ ಬೆಳೀತೀನಿ ಇರಿ" ಎಂದಳು. ಗಾರ್ಮೆಂಟ್ಸ್‌ನಲ್ಲಿ ಕಿರುಚುವುದಕ್ಕೇ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಸೂಪರ್‌ವೈಸರ್ ಆದ ಹೊಸತರಲ್ಲಿ ಇವಳೂ ಕಿರುಚುತ್ತಿದ್ದಳು, ಸಂಜೆ ಮನೆಗೆ ಬಂದು ಅಳುತ್ತಿದ್ದಳು. ಒಂದು ದಿನ ನಿಲ್ಲಿಸಿದಳು. ಕಿರುಚುವುದನ್ನೂ, ಅಳುವುದನ್ನೂ. ಅವಳ ತವರು ಶೆಟ್ಟಿಹಳ್ಳಿ ಕಡೆ. ಅಣೆಕಟ್ಟಿನ ಹಿನ್ನೀರು ಏರಿದಾಗ ಮುಳುಗಿ, ಇಳಿದಾಗ ಮತ್ತೆ ಎದ್ದು ನಿಲ್ಲುವ ಚರ್ಚಿನ ಊರಿನವಳಿಗೆ ಹಟ ಹೇಳಿಕೊಡಬೇಕೆ?

ಪೂಜೆಯ ಹಿಂದಿನ ದಿನ ಮಧ್ಯಾಹ್ನ, ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾಗ, ಸ್ಟೆಲ್ಲಾ ಎದ್ದು ನಿಂತು ಹೇಳಿಯೇಬಿಟ್ಟಳಂತೆ. "ನಾಳೆ ನಾನು ಆರತಿ ಎತ್ತಲ್ಲ. ನಂಬಿಕೆ ಇಲ್ಲದೆ ಎತ್ತಿದ್ರೆ ಅದು ನಾಟಕ ಆಗುತ್ತೆ. ಆದರೆ ಹಬ್ಬ ನಿಮ್ಮದು, ಒಂದು ಚೂರೂ ಕಮ್ಮಿ ಆಗೋದು ಬೇಡ. ಮಷಿನ್ ಕ್ಲೀನ್ ಮಾಡೋ ಕೆಲಸ ಪೂರಾ ನಂದು. ಆರತಿ ಜಯಮ್ಮಕ್ಕ ಎತ್ತಲಿ."

ಅರಕಲಗೂಡಿನ ಜಯಮ್ಮ ಆ ಫ್ಲೋರಿಗೆಲ್ಲ ಹಿರಿಯ ಟೈಲರ್. ಆಕೆ ಹೂಂ ಅಂದರೆ ಫ್ಲೋರ್ ಹೂಂ, ಊಹೂಂ ಅಂದರೆ ಊಹೂಂ. ಆಕೆ ಅನ್ನ ಕಲಸುವ ಕೈ ನಿಲ್ಲಿಸಿ ಕೇಳಿದರಂತೆ, "ಅಂಗಾರೆ ನಮ್ ದ್ಯಾವ್ರು ನಿಮಗೆ ಮೈಲಿಗೆನಾ ಮೇಡಂ?"

"ಮೈಲಿಗೆ ಅಲ್ಲಕ್ಕ. ಆ ದೇವರ ಮುಂದೆ ನಾಟಕ ಆಡೋ ಧೈರ್ಯ ನನಗಿಲ್ಲ."

ಜಯಮ್ಮ ಅನ್ನದ ಡಬ್ಬಿ ಮುಚ್ಚಿದರು. ಅದನ್ನೆತ್ತಿಕೊಂಡು ಎದ್ದುಹೋದರು. ಉಳಿದವರೂ ಒಬ್ಬೊಬ್ಬರೇ ಎದ್ದರು. ಆ ಸಂಜೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಇಷ್ಟು ವರ್ಷ ಒಂದೊಂದೇ ಮೆಟ್ಟಿಲು ಹತ್ತಿದವಳು ಒಂದು ಮಧ್ಯಾಹ್ನದ ಮಾತಿನಿಂದ ಜಾರಿ ಬೀಳುತ್ತಾಳಲ್ಲ ಎಂದು ನನಗೆ ಚಿಂತೆ.

ಪೂಜೆಗೆ ಮನೆಯವರನ್ನೂ ಕರೆಯುತ್ತಾರೆ. ಮಾರನೆಯ ದಿನ ನಾನೂ ಹೋದೆ. (ಕಡ್ಲೆಪುರಿಗಲ್ಲ, ಧೈರ್ಯಕ್ಕೆ. ಯಾರ ಧೈರ್ಯಕ್ಕೆ ಎಂದು ಕೇಳಬೇಡಿ.) ನಮ್ಮ ಇನ್‌ಚಾರ್ಜ್ ಮೇಡಂ ಹಳೆಯ ಚೂಡಿದಾರ ಹಾಕಿಕೊಂಡು ನೆಲದ ಮೇಲೆ ಕೂತು, ಮಷಿನ್ ಅಡಿಗೆ ಕೈ ಹಾಕಿ ನೂಲಿನ ಕಸ ಎಳೆಯುತ್ತಿದ್ದಳು. ಅಕ್ಕಪಕ್ಕ ಯಾರೂ ಇರಲಿಲ್ಲ. ಹೆಂಗಸರೆಲ್ಲ ದೂರ ಗುಂಪುಗಟ್ಟಿಕೊಂಡು ನೋಡುತ್ತಿದ್ದರು.

ಒಂದು ಸಾಲು ಮುಗಿಸಿ ಎರಡನೆಯ ಸಾಲಿಗೆ ಹೋದಾಗ ಜಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. "ಅಂಗಲ್ಲ ಮೇಡಂ, ಎಣ್ಣೆ ಇರಾ ಕಡೆ ಒಣಾ ಬಟ್ಟೆ ತಗಬೇಕು. ಸರೀರಿ ಅತ್ಲಾಗೆ" ಎಂದು ಪಕ್ಕದಲ್ಲೇ ಕೂತರು. ಅಷ್ಟೇ. ಅರ್ಧ ಗಂಟೆಯಲ್ಲಿ ಫ್ಲೋರ್ ಪೂರ್ತಿ ಬಟ್ಟೆ ಹಿಡಿದು ಕೂತಿತ್ತು.

ಒರೆಸಿ ಮುಗಿಸಿ ಸ್ಟೆಲ್ಲಾ ಕೈ ತೊಳೆಯಲು ಹೋದಳು. ಸಾಹೇಬರ ಕಾರು ಬಂದದ್ದು ಆಗಲೇ. ಒಳಗೆ ಬಂದವರು ಜಯಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ನೋಡಿದರು.

"ಇನ್‌ಚಾರ್ಜ್ ಎಲ್ಲಿ? ಇದನ್ನ ಅವರಲ್ವಾ ಮಾಡಬೇಕಾದ್ದು?"

ಬಾಯಿ ಬಿಡೋಣವೆಂದರೆ ನಾನು ಅಲ್ಲಿ ಬರೀ ಗಂಡ.

ಜಯಮ್ಮ ತಟ್ಟೆ ಕೆಳಗಿಡಲಿಲ್ಲ. "ಮಷಿನ್ ಒರ್ಸಿ ಕೈಯೆಲ್ಲ ಎಣ್ಣೆ ಆಗಿತ್ತು ಸಾ, ತೊಳ್ಕಳಕ್ಕೆ ಓಗವ್ರೆ. ಆರತಿ ಎತ್ತಕಿಲ್ಲ ಅಂತ ನಿನ್ನೇನೇ ನಮ್ ಮಕಕ್ಕೇ ಏಳವ್ರೆ. ನಂಗೂ ಸಿಟ್ಟು ಬಂದಿತ್ತು, ಸುಳ್ ಯಾಕೆ ಏಳಲಿ? ಆಮ್ಯಾಕೆ ಯೋಚ್ನೆ ಮಾಡ್ದೆ. ಒಳಗೊಂದು ಮಡಿಕಂಡು ಒರಗೊಂದು ಮಾಡಾ ಜೀವ ಅಲ್ಲ ಕಣ್ ಸಾ ಅದು. ಅದ್ಕೇ ಇವತ್ತು ಇಷ್ಟು ಪೀಸ್ ಆಗ್ಬೇಕು ಅಂತ ಅವ್ರು ಅಂದ್ರೆ ನಾವೂ ನಂಬ್ತೀವಿ."

ಸಾಹೇಬರು ಶೂ ಬಿಚ್ಚಿ ಒಂದು ಪಕ್ಕಕ್ಕೆ ನಿಂತರು. ಅಷ್ಟರಲ್ಲಿ ದುಪಟ್ಟಾಕ್ಕೆ ಕೈ ಒರೆಸಿಕೊಳ್ಳುತ್ತಾ ಸ್ಟೆಲ್ಲಾ ಬಂದಳು. ಏನು ನಡೆಯಿತೆಂದು ಅವಳಿಗೆ ಗೊತ್ತಿಲ್ಲ. ಹಿಂದಕ್ಕೆ ಹೋಗಿ ಅಡಗಲಿಲ್ಲ. ಆರತಿ ಮುಗಿಯುವ ತನಕ ಎಲ್ಲರ ಮುಂದೆ, ತಲೆ ಬಗ್ಗಿಸಿಕೊಂಡು, ಮರ್ಯಾದೆಯಿಂದ ನಿಂತಿದ್ದಳು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹೊರಡುವಾಗ ಸಾಹೇಬರು, "ಇನ್ಮೇಲೆ ಈ ಟ್ರಯಲ್ ಅನ್ನೋದೆಲ್ಲ ಬೇಡಮ್ಮ" ಎಂದು ಹೇಳಿಹೋದರು.

ಎದುರಿಗೆ ಸಿಕ್ಕಾಗ ಗುಡ್ ಮಾರ್ನಿಂಗ್ ಹೇಳುವವರು ಎಲ್ಲ ಬಾಸ್‌ಗಳಿಗೂ ಇರುತ್ತಾರೆ ಸ್ವಾಮಿ. ನೀವು ಕೈ ತೊಳೆಯಲು ಹೋದಾಗ ನಿಮ್ಮ ಪರ ಮಾತಾಡುವವರು ಯಾರಿದ್ದಾರೆ?