ಒಂದು ಅಂಗೈ ಕೂದಲಿನ ರೇಟು

ಡೊಂಬಿವಲಿ ಪೂರ್ವದಲ್ಲಿದ್ದ ಮುಂಡಪ್ಪನ ವಿಗ್ ಅಂಗಡಿ ಎಷ್ಟು ಕಿರಿದಾಗಿತ್ತೆಂದರೆ, ಗಿರಾಕಿ ಒಳಗೆ ಬರಬೇಕಾದರೆ ಮುಂಡಪ್ಪ ಉಸಿರು ಹೊರಗೆ ಬಿಡಬೇಕಿತ್ತು. ಅವನ ಮಾತಿಗೆ ಮಾತ್ರ ಠಾಣೆ ಜಿಲ್ಲೆಯಿಡೀ ಸಾಲುತ್ತಿರಲಿಲ್ಲ. ಉಡುಪಿ ಕಡೆಯಿಂದ ಬಂದವನು ಕಲ್ಯಾಣದ ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಸಂಜೆ ಕನ್ನಡ ಸಂಘದ ನಾಟಕದವರ ತಲೆಗೆ ಕೂದಲು ಅಂಟಿಸುತ್ತಾ ಅಂಟಿಸುತ್ತಾ, ಎರಡು ಸಾವಿರದ ನಾಲ್ಕರಲ್ಲಿ ಅದನ್ನೇ ಉದ್ಯೋಗ ಮಾಡಿಕೊಂಡ. ಅವನ ಸ್ವಂತ ತಲೆಯೋ, ಮಟಮಟ ಮಧ್ಯಾಹ್ನ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಎದುರಿಗೆ ಸಿಗ್ನಲ್ ದೀಪ ಹೊತ್ತಿತೆಂದು ಮೋಟರ್‌ಮನ್ ಲೋಕಲ್ ನಿಲ್ಲಿಸುವಷ್ಟು ನುಣ್ಣಗಿತ್ತು. ಅದಕ್ಕೆ ಅವನಿಗೆ ನಾಚಿಕೆಯೇ ಇರಲಿಲ್ಲ. ಗಿರಾಕಿಯ ಎದುರಿಗೇ ವಿಗ್ ಕಿತ್ತು ಮೇಜಿನ ಮೇಲಿಟ್ಟು, "ನೋಡಿ, ನಾನೇ ಕಂಪನಿಯ ಜಾಹೀರಾತು" ಎನ್ನುತ್ತಿದ್ದ. ನಾಚಿಕೆ ಎಂಬುದು ಅವನಿಗೆ ಹತ್ತಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಬೇರೆಯದೇ ಕಾರಣಕ್ಕೆ.

ಅವನು ಮಾರುತ್ತಿದ್ದ ಅತಿ ದುಬಾರಿ ಮಾಲೆಂದರೆ ಲೇಸ್ ಕ್ಲೋಷರ್. ಅಂಗೈಯಗಲದ ತೆಳು ಜಾಲರಿ ಅದು. ಅದರ ತೂತು ತೂತಿಗೂ ಕೂದಲು ಗಂಟು ಹಾಕಿ ವಿಗ್ಗಿನ ಮುಂಭಾಗಕ್ಕೆ ಹೊಲಿದರೆ, ಇಲ್ಲವೇ ಕ್ಲಿಪ್ ಹಾಕಿ ನೇರ ನೆತ್ತಿಗೇ ಸಿಕ್ಕಿಸಿದರೆ, ಬೈತಲೆ ತೆಗೆದಲ್ಲಿ ಬುರುಡೆಯ ಚರ್ಮವೇ ಇಣುಕಿದ ಹಾಗೆ ಕಾಣುತ್ತದೆ. ಉಳಿದ ವಿಗ್ಗನ್ನು ಮೆಷಿನ್ ಹೊಲಿಯುತ್ತದೆ. ಈ ಅಂಗೈಯಗಲಕ್ಕೆ ಮನುಷ್ಯರ ಬೆರಳೇ ಆಗಬೇಕು.

ಆ ಬೆರಳು ಚಂದ್ರಬಾಯಿಯದು. ವಿಜಯಪುರದ ಕಡೆಯವಳು, ಗಂಡ ಶಿವರಾಯ ನವಿ ಮುಂಬಯಿಯ ತುರ್ಭೆ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಅಲ್ಲೇ ಒಂದು ವಿಗ್ ಕಾರ್ಖಾನೆಯಲ್ಲಿ ಕೆಲಸ ಕಲಿತವಳು, ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಮರದ ತಲೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೊಕ್ಕೆಸೂಜಿಯಲ್ಲಿ ಗಂಟು ಹಾಕುತ್ತಿದ್ದಳು. ಅವಳು ಹಾಕಿದ ಗಂಟು, ಇರುವೆ ಕನ್ನಡಕ ಹಾಕಿಕೊಂಡು ಹುಡುಕಿದರೂ ಕಾಲಿಗೆ ತಾಗದಷ್ಟು ಸಣ್ಣದು. ಒಂದು ಕ್ಲೋಷರ್‌ಗೆ ಎಂಟು ದಿನ. ಮುಂಡಪ್ಪ ಕೊಡುತ್ತಿದ್ದುದು ಏಳುನೂರು.

ಗಿರಾಕಿಗೆ ರೇಟು ಏರಿಸಿ ಹೇಳುವ ಭಾಷಣ ಒಂದು, ಚಂದ್ರಬಾಯಿಗೆ ರೇಟು ಇಳಿಸಿ ಹೇಳುವ ಭಾಷಣ ಇನ್ನೊಂದು, ಎರಡೂ ಮುಂಡಪ್ಪನಿಗೆ ಬಾಯಿಪಾಠ. ಅವು ಎದುರುಬದುರಾದರೆ ತನ್ನ ಗತಿ ಏನೆಂದು ಅವನಿಗೆ ಗೊತ್ತಿತ್ತು. ಗಿರಾಕಿಗಳಿಗೆ ತುರ್ಭೆಯ ದಾರಿ ತಿಳಿಯಬಾರದು, ತುರ್ಭೆಗೆ ಗಿರಾಕಿಯ ರೇಟು ತಿಳಿಯಬಾರದು. ಅದಕ್ಕೇ ಚಂದ್ರಬಾಯಿ ಮಾಲು ತರಬೇಕಾದದ್ದು ಸೋಮವಾರ, ಅಂಗಡಿಗೆ ರಜೆಯಿದ್ದಾಗ.

ಎರಡು ಸಾವಿರದ ಹನ್ನೆರಡರ ಆ ಸೋಮವಾರ ಅವಳು ಠಾಣೆಯಲ್ಲಿ ಟ್ರೇನು ಬದಲಿಸಿ, ಎರಡು ಕ್ಲೋಷರ್ ಹಿಡಿದು ಬಂದಿದ್ದಳು.

"ಶೇಟ್ರ, ರೇಟಿನ ಮಾತು ಏನಾತ್ರಿ? ಎರಡು ವರ್ಷದಿಂದ ಕೇಳಾಕತ್ತೀನಿ. ಸಾವಿರದ ಇನ್ನೂರಾದ್ರೂ ಮಾಡ್ರಿ. ಇಲ್ಲಂದ್ರ ನಾ ಇದನ್ನ ಬಿಟ್ಟು ಯಾರದರ ಮನಿ ಭಾಂಡೆ ತಿಕ್ಕಾಕ ಹೋಗತೀನಿ."

"ಅಯ್ಯೋ ಮಾರಾಯ್ತಿ, ಚೀನಾದವ್ರು ಮೆಷಿನಲ್ಲಿ ಮಾಡಿ ರಾಶಿ ಹಾಕಿದ್ದಾರೆ. ಗಂಟಿಗೆ ಈಗ ಯಾರು ರೇಟು ಕೊಡ್ತಾರೆ? ನೀನು ಟಿ.ವಿ. ನೋಡ್ತಾ ಮಾಡುವ ಕೆಲಸ ಇದು..."

ಭಾಷಣ ಅರ್ಧದಲ್ಲಿತ್ತು. ಅರ್ಧ ಎಳೆದ ಶಟರಿನ ಕೆಳಗಿನಿಂದ ಒಂದು ರೇಷ್ಮೆ ಸೀರೆ ಬಗ್ಗಿ ಒಳಗೆ ಬಂತು. ಸೀರೆಯೊಳಗೆ ಸ್ವರ್ಣಲತಾ, ಅದೇ ಬೀದಿಯ ಕೊನೆಯ ಹೌಸಿಂಗ್ ಸೊಸೈಟಿಯವರು, ಮುಂಡಪ್ಪನ ಊರಿನ ಕಡೆಯವರೇ.

"ಎಂತ ಮುಂಡಪ್ಪಣ್ಣ, ಕಳ್ಳರ ಹಾಗೆ ಕೂತಿದ್ದೀರಿ? ಬುಧವಾರ ಮಗಳ ನಿಶ್ಚಿತಾರ್ಥ. ನನ್ನ ಬೈತಲೆ ನೋಡಿ, ಕಲ್ಯಾಣ್-ಶೀಳ್ ರೋಡಿನಷ್ಟು ಅಗಲ ಆಗಿದೆ!" ಆಮೇಲೆ ಸ್ಟೂಲಿನ ಮೇಲಿದ್ದ ಚಂದ್ರಬಾಯಿಯನ್ನು ನೋಡಿ ಕೇಳಿದರು, "ಇವರೂ ಕೂದಲಿಗೆ ಬಂದದ್ದಾ?"

"ಇಲ್ಲಪ್ಪ," ಎಂದ ಮುಂಡಪ್ಪ, ಯೋಚನೆಗಿಂತ ಮೊದಲೇ ನಾಲಿಗೆ ಓಡಿತ್ತು, "ಇವಳು ಕಸ ಗುಡಿಸಲಿಕ್ಕೆ ಬರುವವಳು."

ಚಂದ್ರಬಾಯಿ ಅವನ ಮುಖ ನೋಡಿದಳು. ಎದ್ದಳು. ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು, ಸೆರಗು ಸಿಕ್ಕಿಸಿ, ಗುಡಿಸಲು ಶುರು ಮಾಡಿದಳು. ಆರು ಅಡಿ ಅಂಗಡಿ. ಎರಡು ಸಲ ಕೈಯಾಡಿಸಿದರೆ ಮುಗಿಯುತ್ತಿತ್ತು. ಅವಳು ನವಿ ಮುಂಬಯಿಯಿಡೀ ಗುಡಿಸುವವಳ ಹಾಗೆ ನಿಧಾನ ಗುಡಿಸಿದಳು.

ಮುಂಡಪ್ಪ ಆಗಲೇ ಹೇಳಬಹುದಿತ್ತು, ತಮಾಷೆ ಮಾಡಿದೆ ಎನ್ನಬಹುದಿತ್ತು. ಸುಳ್ಳನ್ನು ಕೂತಲ್ಲಿಂದ ಎಬ್ಬಿಸುವಷ್ಟು ಬಲ ಅವನಿಗೆ ಬರಲಿಲ್ಲ. ಅವಳು ತಂದಿದ್ದ ಕ್ಲೋಷರನ್ನೇ ಎತ್ತಿ ಸ್ವರ್ಣಲತಾರ ನೆತ್ತಿಗೆ ಹಿಡಿದು ರೇಟು ಹೇಳಿದ.

"ಒಂಬತ್ತೂವರೆ ಸಾವಿರವಾ!" ಸ್ವರ್ಣಲತಾರ ಸ್ವರಕ್ಕೆ ಹೊರಗೆ ರಿಕ್ಷಾ ಬ್ರೇಕು ಹಾಕಿತು. "ಬೇರೆ ಕಡೆ ಎರಡು ಸಾವಿರಕ್ಕೆ ಪೂರಾ ವಿಗ್ ಸಿಗ್ತದೆ."

"ಯಾಕೆ ಸಿಗುದಿಲ್ಲ ಅಕ್ಕ? ಹಾಕಿ ನೋಡಿ, ಬೀಗರು ಹುಡುಗಿಯನ್ನು ಬಿಟ್ಟು ನಿಮ್ಮ ತಲೆಯನ್ನೇ ನೋಡ್ತಾ ಕೂರ್ತಾರೆ. ಮೊದಲು ಈ ಜಾಲರಿ. ಸ್ವಿಸ್ ಲೇಸ್ ಇದು, ಉಸಿರು ಬಿಟ್ರೆ ಹಾರ್ತದೆ. ದಪ್ಪ ಜಾಲರಿಗೆ ಅರ್ಧ ರೇಟು. ಮತ್ತೆ ಕೂದಲು. ಬಾಚಣಿಗೆಯಲ್ಲಿ ಉದುರಿದ್ದು ಹೆಕ್ಕಿದ್ರೆ ಬುಡ ಯಾವುದು ತುದಿ ಯಾವುದು ಗೊತ್ತಾಗುದಿಲ್ಲ, ಎರಡು ಸಲ ತೊಳೆದ್ರೆ ಕಾಗೆಗೂಡು. ಇದು ಒಂದೇ ತಲೆಯದ್ದು, ಬುಡ ಎಲ್ಲ ಒಂದೇ ಕಡೆ. ಉದ್ದ ಹದಿನಾರು ಇಂಚು. ಇನ್ನೆರಡು ಇಂಚು ಹೆಚ್ಚಾದ್ರೆ ರೇಟು ಮೆಟ್ಟಿಲು ಹತ್ತುದಲ್ಲ, ಲಿಫ್ಟಿನಲ್ಲಿ ಹೋಗುದು."

ಸಾವಿರ ಸಲ ಹೇಳಿದ ಮಾತು, ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ.

"ಆದ್ರೆ ಅಸಲು ರೇಟು ಇರುದು ಗಂಟಿನಲ್ಲಿ. ನಾಲ್ಕು ನಾಲ್ಕು ಕೂದಲು ಸೇರಿಸಿ ಕಟ್ಟಿದ್ರೆ ಎರಡು ದಿನದ ಕೆಲಸ, ಆದ್ರೆ ನೆತ್ತಿ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಾಣ್ತದೆ. ಇದು ಒಂದೊಂದೇ ಕೂದಲು, ಒಂದೊಂದೇ ಗಂಟು. ಮೆಷಿನಿನ ಅಪ್ಪ ಬಂದ್ರೂ ಆಗುದಿಲ್ಲ. ಎಂಟು ದಿನ ಕಣ್ಣು ಕೀಳದೆ ಕೂರಬೇಕು. ಕಣ್ಣೇ ಹೋಗ್ತದೆ ಅಕ್ಕ."

ಕಸಬರಿಗೆಯ ಸದ್ದು ನಿಂತಿತು.

"ಪಾಪ. ಯಾರು ಮಾಡುದು ಇದನ್ನು?"

"ಅದು... ಚೆನ್ನೈಯ ಆರ್ಟಿಸ್ಟ್‌ಗಳು. ಎ.ಸಿ. ರೂಮಿನಲ್ಲಿ ಕೂತು ಮಾಡ್ತಾರೆ. ಒಬ್ಬೊಬ್ಬಳಿಗೆ ತಿಂಗಳಿಗೆ ಮೂವತ್ತು ಸಾವಿರ ಸಂಬಳ. ಅದೆಲ್ಲ ರೇಟಿನಲ್ಲೇ ಬರಬೇಕಲ್ಲ?"

"ಕೊಡಬೇಕಾದದ್ದೇ," ಎಂದರು ಸ್ವರ್ಣಲತಾ. ಇನ್ನು ಚೌಕಾಸಿ ಮಾಡಲಿಲ್ಲ. ದುಡ್ಡು ಕೊಟ್ಟು, ಕ್ಲೋಷರನ್ನು ಮಗುವಿನಂತೆ ಚೀಲದಲ್ಲಿ ಮಲಗಿಸಿ, ಹೊರಡುವಾಗ ಚಂದ್ರಬಾಯಿಯ ಕೈಗೆ ಹತ್ತು ರೂಪಾಯಿ ಇಟ್ಟರು. "ಚಾಯ್ ಕುಡಿಯಿರಿ ಬಾಯಿ. ಚೊಕ್ಕ ಗುಡಿಸ್ತೀರಿ."

ಸ್ವರ್ಣಲತಾ ಶಟರಿನ ಕೆಳಗೆ ಬಗ್ಗಿ ಹೊರಟುಹೋದರು. ಮುಂಡಪ್ಪ ಮಾರಿದ ಪೀಸಿಗೆಂದು ಜೇಬಿನಿಂದ ಏಳುನೂರು ತೆಗೆದ, ಅದರ ಮೇಲೆ ಐನೂರು ಇಟ್ಟ, ಆಮೇಲೆ ಇನ್ನೂ ಐನೂರು ಇಟ್ಟ. "ಚಂದ್ರಬಾಯಿ, ನಾನು ಏನು ಹೇಳುದು ಅಂದ್ರೆ..."

"ರೊಕ್ಕ ಇರ್ಲಿ ಬಿಡ್ರಿ. ಆ ಬಾಯಾರಿಗೆ ಹೇಳಿದ್ರಲ್ಲ, ಅದನ್ನ ನಂಗೊಮ್ಮಿ ಹೇಳ್ರಿ. ಸಾವಕಾಶ. ನಾ ಕಲಿಬೇಕು."

"ಯಾಕೆ?"

"ಕಲ್ಯಾಣದಾಗೂ ವಿಗ್ಗಿನ ಅಂಗಡಿ ಅದಾವಲ್ರಿ. ಭಾಂಡೆ ತಿಕ್ಕೂದಕಿಂತ ಇದನ್ನ ಹೇಳೂದು ಚಲೋ ಅನಿಸ್ತು. ಹೇಳ್ರಿ, ಮೊದಲು ಜಾಲರಿ, ಆಮ್ಯಾಲೆ?"

ಎದುರಿಗೆ ಮೂರು ಮಂದಿ ಇದ್ದರೂ ಮುನ್ನೂರು ಮಂದಿಗೆ ಕೇಳುವ ಹಾಗೆ ಮಾತಾಡುತ್ತಿದ್ದವನು ಆ ದಿನ ನೆಲಕ್ಕೆ ಪಾಠ ಒಪ್ಪಿಸುವ ಹಾಗೆ ಶುರು ಮಾಡಿದ. ಜಾಲರಿ ಹೇಳಿದ. ಕೂದಲಿನ ಬುಡ, ತುದಿ, ಉದ್ದ, ಎಲ್ಲ ಹೇಳಿದ. ಅವಳು ತುಟಿಯಲ್ಲೇ ಉರು ಹೊಡೆಯುತ್ತಾ ತಲೆಯಾಡಿಸಿದಳು. ಗಂಟಿನ ಹತ್ತಿರ ಬಂದು ಅವನು ನಿಂತುಬಿಟ್ಟ. ಎಂಟು ದಿನ ಎಂಬ ಎರಡು ಶಬ್ದಗಳು ಹೊರಗೆ ಬರಲು ಎಂಟು ದಿನ ಹಿಡಿಯಿತು.

"ಕಣ್ಣೇ ಹೋಗ್ತದೆ ಅಂದ್ರಿ," ಎಂದಳು ಚಂದ್ರಬಾಯಿ. "ಅದು ನಿಮಗ ಗೊತ್ತಿತ್ತೇನ್ರಿ?"

ಗೊತ್ತಿತ್ತು. ಎಂಟು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವನಿಗೆ ಗೊತ್ತಿಲ್ಲದೆ ಏನು! ಅವನು ತಲೆ ಕೆರೆದುಕೊಂಡ. ವಿಗ್ ಓರೆಯಾಯಿತು, ಸರಿಪಡಿಸಲಿಲ್ಲ.

"ಈಗ ನೀವು ಸ್ಟೂಲಿನ ಮ್ಯಾಲೆ ಕುಂದರ್ರಿ. ನಾ ಅಂಗಡ್ಯಾಕಿ, ನೀವು ಗಿರಾಕಿ. ಇನ್ನೊಂದು ಪೀಸು ಐತಲ್ಲ, ಇದರ ರೇಟು ಕೇಳ್ರಿ."

ಮುಂಡಪ್ಪ ಕೂತ. "ಎಷ್ಟು... ಎಷ್ಟು ಹೇಳ್ತೀರಿ, ಚಂದ್ರಬಾಯಿ?" ಇಷ್ಟು ವರ್ಷ ನೀನು ಎಂದು ಕರೆದ ಬಾಯಿ ಅದು.

"ಎರಡು ಸಾವಿರ. ಇನ್ಮ್ಯಾಲೆ ಪ್ರತಿ ಪೀಸಿಗೂ. ಬೇಕಿದ್ರ ಗಂಟು ನೋಡಿ ತಗೋರಿ."

ಚೀನಾದ ಮೆಷಿನಿನ ಮಾತು ನಾಲಿಗೆಯ ತುದಿವರೆಗೆ ಬಂದು ವಾಪಸು ಹೋಯಿತು. ಮುಂಡಪ್ಪ ಆ ಅಂಗೈಯಗಲವನ್ನು ಬೆಳಕಿಗೆ ಹಿಡಿದು, ಕಣ್ಣಿಗೆ ತಾಗುವಷ್ಟು ಹತ್ತಿರ ತಂದು, ಒಂದೊಂದೇ ಗಂಟು ನೋಡತೊಡಗಿದ. ನೋಡಲು ಏನೂ ಇರಲಿಲ್ಲ, ಅಷ್ಟು ಸಣ್ಣ ಗಂಟುಗಳು. ಆದರೂ ನೋಡಿದ, ಸಾಲು ಮುಗಿದರೆ ಮತ್ತೊಂದು ಸಾಲು, ತಲೆಯೆತ್ತಿದರೆ ಅವಳ ಮುಖ ಸಿಗುತ್ತದಲ್ಲ ಎಂದು.

"ನೋಡ್ರಿ ನೋಡ್ರಿ," ಎಂದಳು ಚಂದ್ರಬಾಯಿ, ಮೇಜಿನ ಹಿಂದೆ ಕುರ್ಚಿ ಎಳೆದು ಕೂರುತ್ತಾ. "ನಂಗೇನು ಅವಸರ ಇಲ್ಲ."