ಮೊಬೈಲಿನ ಹಿಂದಿನ ಹೂಂ

ನಮ್ಮ ಬಿ.ಎಡ್. ಮೇಡಂ ಹೂಂ ಅಂದರೆ ಮೊದಲು ಕಿವಿಯ ಬುಗುಡಿ ಅಲ್ಲಾಡುತ್ತಿತ್ತು, ಆಮೇಲೆ ದನಿ ಬರುತ್ತಿತ್ತು. ಎಂಥ ದನಿ ಅಂತೀರಿ! ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಕೇಳಬೇಕು, ಹಾಗೆ.

ಆನ್‌ಲೈನ್ ಪಾಠ ತಯಾರಿಸುವುದನ್ನು ಅವರು ನಮಗೆ ಕಲಿಸುತ್ತಿದ್ದರು. ನಾವು ಮಾಡಿದ ವಿಡಿಯೊಗಳನ್ನು ಮೊದಲ ವರ್ಷದವರಿಗೆ ಕಳಿಸಿ, ಮರುದಿನ ಅವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಖರೇ ಹೇಳ್ರಿ, ಎಲ್ಲಿ ಬಂದ್ ಮಾಡಿದ್ರಿ?” ಅದೇ ಅವರ ಮೌಲ್ಯಮಾಪನ. ಬಣ್ಣ, ಸಂಗೀತ, ಹಾರಾಡುವ ಅಕ್ಷರಗಳಿಗೆಲ್ಲ ಅವರಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ.

ನನ್ನ ಭಿನ್ನರಾಶಿಯ ಪಾಠವನ್ನು ಎಲ್ಲರೂ ‘ನಮಸ್ಕಾರ’ಕ್ಕೇ ಬಂದ್ ಮಾಡಿದ್ದರು! ತಪ್ಪು ಅವರದಲ್ಲ ಬಿಡಿ. ತೆಲಸಂಗದ ನಮ್ಮ ಮನೆಯಲ್ಲಿ ಕುರಿಗಳ ಜೊತೆಗೂ ವಟವಟ ಅನ್ನುವವಳು ನಾನು, ಮೊಬೈಲ್ ಎದುರು ಮಾತ್ರ ಕಲ್ಲು. ಈ ಪಾಠ ಪಾಸಾಗದಿದ್ದರೆ ಬಿ.ಎಡ್. ಇಲ್ಲ, ಟೀಚರಾಗುವ ಆಸೆಗೂ ಎಳ್ಳುನೀರು. ಮೇಡಂ ಎದುರು ಅತ್ತೇಬಿಟ್ಟೆ.

“ಅಳಬ್ಯಾಡವಾ. ನಿಮ್ಮ ಮನ್ಯಾಗ ಕತಿ ಯಾರು ಹೇಳ್ತಿದ್ರು?”

“ನಮ್ಮಜ್ಜಿ ರೀ.”

“ನೀ ಹೂಂ ಅನ್ನದಿದ್ರೂ ಹೇಳ್ತಿದ್ಳೇನು?”

“ಇಲ್ರಿ. ನಿದ್ದಿ ಹತ್ತೇತಿ ಅಂತ ನಿಲ್ಲಸ್ತಿದ್ಳು.”

“ಮತ್ತ ಹೂಂ ಅನ್ನೋರಿಲ್ಲದ ನೀ ಹೆಂಗ ಹೇಳ್ತಿ?”

ಕುರ್ಚಿ ಎಳೆದುಕೊಂಡು ಮೊಬೈಲಿನ ಹಿಂದೆಯೇ ಕುಂತರು. ನಾನು ಬಾಯಿ ತೆರೆದೆ. “ಹೂಂ.” ಇನ್ನಷ್ಟು ಹೇಳಿದೆ. “ಹೂಂ, ಮುಂದ?” ಎಡವಿದಲ್ಲಿ, “ಹಾಂ? ತಿಳೀಲಿಲ್ಲ, ಇನ್ನೊಮ್ಮೆ ಹೇಳ.” ಪಾಠ ಮುಗಿದದ್ದೇ ಗೊತ್ತಾಗಲಿಲ್ಲ. ಈ ಸಲ ಯಾರೂ ನಡುವೆ ಬಂದ್ ಮಾಡಲಿಲ್ಲ. ಒಬ್ಬಳಂತೂ, “ನಾನೂ ಮನ್ಯಾಗ ಕುಂತು ಹೂಂ ಅಂದೇನ್ರಿ” ಅಂದಳು.

ಪರೀಕ್ಷೆಗೆ ಹೊರಗಿನಿಂದ ಬಂದ ಸರ್ ಹುಬ್ಬು ಗಂಟಿಕ್ಕಿದರು. “ಪಾಠ ಚಲೋ ಐತಿ. ಆದ್ರ ಹಿಂದ ಹೂಂ ಹೂಂ ಅಂತ ಗದ್ದಲ ಕೇಳತೈತಲ್ರಿ, ಹೆಂಗ ಪಾಸ್ ಮಾಡ್ಲಿ?”

ಮೇಡಂ ನಕ್ಕರು. “ಗದ್ದಲ ಅಲ್ರಿ ಸರ, ಅದು ವಿದ್ಯಾರ್ಥಿ. ಆಕೀನ್ನ ತಗದ್ರ ಪಾಠ ಯಾರಿಗೆ?”

ಅದಕ್ಕೆ ಸರ್ ಕೂಡ “ಹೂಂ” ಅಂದರು! ನಾನು ಪಾಸಾದೆ. ಈಗ ಐನಾಪುರದಲ್ಲಿ ಟೀಚರು.

ಹೋದ ವರ್ಷ ಮೇಡಂ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಅವರದೊಂದು ವಿಡಿಯೊ ಇರಲಿ ಅಂತ ಹಳೆಯ ವಿದ್ಯಾರ್ಥಿಗಳೆಲ್ಲ ಹುಡುಕಿದೆವು. ಇಷ್ಟು ಮಂದಿಗೆ ವಿಡಿಯೊ ಮಾಡಲು ಕಲಿಸಿದ ತಾಯಿ, ಒಂದರಲ್ಲೂ ಮುಖವಿಲ್ಲ! ಕೊನೆಗೆ ನನ್ನ ಪಾಠವನ್ನೇ ಹಾಕಿದೆವು. ಪರದೆಯ ಮೇಲೆ ನಾನು ಭಿನ್ನರಾಶಿ ಹೇಳುತ್ತಲೇ ಇದ್ದೆ. ನನ್ನ ಮಾತು ಯಾರಿಗೆ ಬೇಕಾಗಿತ್ತು? ನಾನು ಉಸಿರು ತೆಗೆದುಕೊಳ್ಳಲು ನಿಂತಾಗೆಲ್ಲ ಇಡೀ ಸಭೆ ಕಿವಿ ನಿಮಿರಿಸುತ್ತಿತ್ತು.