ಬೀಗರ ನಾಟಕ, ರೊಟ್ಟಿಯ ಬೀಗ

ನಮ್ಮ ಬೀದಿಯ ಲೀಲಾವತಿ ಆಂಟಿಯ ಬಗ್ಗೆ ಬರೆಯಬೇಕೆಂದು ಅಂದುಕೊಳ್ಳುತ್ತಲೇ ಇದ್ದೆ. ಅವರ ಹಾರ್ಡ್ ಡಿಸ್ಕ್ ಈ ವಾರ ನಮ್ಮ ಮನೆಯನ್ನೆಲ್ಲ ಕುಣಿಸಿದ ಮೇಲೆ ಇನ್ನು ಬರೆಯದೆ ಇರಲಾಗುತ್ತಿಲ್ಲ.

ಆಂಟಿ ಗದಗಿನವರು. ಮಕ್ಕಳು ಚಿಕ್ಕವರಿದ್ದಾಗಲೇ ಅಲ್ಲಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕನ್ನಡ ಟೈಪಿಂಗಿಗೆ ಸೇರಿ, ಅಮೆರಿಕಕ್ಕೆ ಬರುವವರೆಗೂ ಅದೇ ಕೆಲಸ ಮಾಡಿದರು. ಲಗ್ನಪತ್ರಿಕೆ, ಚುನಾವಣೆಯ ಕರಪತ್ರ, ನಿವೃತ್ತ ಮೇಷ್ಟರ ಕವನ ಸಂಕಲನ, ಎಲ್ಲವೂ ಅವರ ಬೆರಳಿನಿಂದಲೇ ಹೊರಬಿದ್ದವು. ‘ಊರಿನ ಅರ್ಧ ಮಂದಿ ಲಗ್ನ ನಾನ ಮಾಡಿಸೀನಿ, ಊಟಕ್ಕ ಮಾತ್ರ ಒಬ್ಬರೂ ಕರೀಲಿಲ್ಲ’ ಎನ್ನುತ್ತಾರೆ. ಪುಸ್ತಕಗಳಲ್ಲಿ ಬೆಲೆ ಅಚ್ಚಾಗುವ ಪುಟದ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ‘ಡಿ.ಟಿ.ಪಿ.: ಲೀಲಾವತಿ’ ಎಂದಿರುತ್ತಿತ್ತಂತೆ, ಟೈಪ್ ಮಾಡಿದವರ ಗುರುತಿಗೆ. ಬೇರೆಯವರ ಮಾತನ್ನೇ ಟೈಪ್ ಮಾಡುತ್ತ ಬಂದ ಅವರು ಈ ವರ್ಷ, ಟೆಕ್ಸಾಸಿನ ಫ್ರಿಸ್ಕೋದಲ್ಲಿ, ನಮ್ಮ ಬೀದಿಯಲ್ಲೇ ಇರುವ ಮಗ ಅಮರ್‌ನ ಮನೆಯಲ್ಲಿ ಕೂತು, ಮೊದಲ ಸಲ ತಮ್ಮದೇ ಒಂದು ನಾಟಕ ಬರೆದರು. ಹೆಸರು ‘ಬೀಗರ ಕಾರು’. ಗಂಡಿನ ಅಪ್ಪ, ಹೆಣ್ಣಿನ ಅಮ್ಮ, ಹ್ಯೂಸ್ಟನ್ನಿನ ಟ್ರಾಫಿಕ್ಕಿನಲ್ಲಿ ಒಂದೇ ಕಾರಿನೊಳಗೆ ಸಿಕ್ಕಿಕೊಂಡು ಜಗಳ ಆಡುವ ಕಥೆ.

ಭಾನುವಾರ ಹ್ಯೂಸ್ಟನ್ನಿನಲ್ಲಿ ಅದರ ಪ್ರದರ್ಶನ. ಕೊನೆಯ ದೃಶ್ಯವನ್ನು ಮಾತ್ರ ಆಂಟಿ ತಿದ್ದುತ್ತಲೇ ಇದ್ದು, ಯಾರ ಕೈಗೂ ಕೊಟ್ಟಿರಲಿಲ್ಲ. ಅಂತೂ ಮುಗಿಸಿ, ಹೊರಗಿನಿಂದ ಚುಚ್ಚುವ ಹಾರ್ಡ್ ಡಿಸ್ಕಿನಲ್ಲಿ ಇಟ್ಟರು. ಲ್ಯಾಪ್‌ಟಾಪ್ ಎಮ್ಮೆಯ ಹಾಗೆ ಮಲಗುತ್ತದೆಂದು ಡಿಸ್ಕಿನ ಸಮೇತ ಅದನ್ನು ನನ್ನ ಗಂಡ ಅವಿನಾಶನಿಗೆ ಒಪ್ಪಿಸಿ, ರಿಪೇರಿಯಾದ ಮೇಲೆ ಆ ದೃಶ್ಯ ಕಳಿಸಪ್ಪಾ ಎಂದು ಹೇಳಿ, ರಿಹರ್ಸಲ್ಲಿಗಾಗಿ ಹ್ಯೂಸ್ಟನ್ನಿನ ಮಗಳ ಮನೆಗೆ ಹೋದರು.

ಅವಿನಾಶ್ ಲ್ಯಾಪ್‌ಟಾಪಿನಲ್ಲಿ ಇದ್ದದ್ದನ್ನೆಲ್ಲ ಜೋಪಾನವಾಗಿ ಬೇರೆ ಕಡೆ ತೆಗೆದಿಟ್ಟು, ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದ. ಯಂತ್ರ ಕರುವಿನ ಹಾಗೆ ಜಿಗಿಯತೊಡಗಿತು. ಖುಷಿಯಿಂದ ಹಾರ್ಡ್ ಡಿಸ್ಕ್ ಚುಚ್ಚಿದರೆ, ಇದನ್ನು ಓದಲು ಆಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಪರದೆ ಕೇಳಿತು. ನಮ್ಮ ಮೂರು ವರ್ಷದ ಮಗಳು ಅನಘಾ ಅವನ ತೊಡೆಯ ಮೇಲಿಂದ ಹೌದು ಎನ್ನುವ ಗುಂಡಿಯ ಕಡೆಗೇ ಕೈ ಚಾಚಿದಳು. ನಾನು ಮಗುವನ್ನು ಎತ್ತಿಕೊಂಡು ಕೈಗೊಂದು ಬಾಳೆಹಣ್ಣು ಕೊಟ್ಟೆ. ಡಿಸ್ಕಿನ ವಯರನ್ನೂ ಕಿತ್ತೆ.

ನಾಟಕದಲ್ಲಿ ಬೀಗರ ಪಾತ್ರ ಮಾಡುವವನು ಆಸ್ಟಿನ್ನಿನ ಪ್ರತಾಪ್. ಪಕ್ಕದ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಅವನಿಗೆ ಫೋನ್ ಮಾಡಿದಾಗ, ಅಂಟಿಸಿದ ಮೀಸೆ ಸರಿಯಾಗಿ ಕೂರುತ್ತದೋ ಎಂದು ನೋಡುತ್ತಿದ್ದನಂತೆ. ಅದೇ ಮೀಸೆಯಲ್ಲಿ ಗಂಭೀರವಾಗಿ ಹೇಳಿದ್ದಿಷ್ಟು: ಡಿಸ್ಕ್ ಕೆಟ್ಟಿರಲಿಕ್ಕಿಲ್ಲ, ಯಾರೋ ಬೀಗ ಹಾಕುವ ಸಾಫ್ಟ್‌ವೇರ್ ಬಳಸಿರಬೇಕು. ಹೊಸ ವಿಂಡೋಸಿನ ಜೊತೆ ಆ ಸಾಫ್ಟ್‌ವೇರ್ ಹೊರಟುಹೋಗಿದೆ, ಅದಕ್ಕೇ ಡಿಸ್ಕಿನಲ್ಲಿರುವುದು ಅರ್ಥವಾಗುತ್ತಿಲ್ಲ. ಅದನ್ನು ಮತ್ತೆ ಹಾಕಿ ಪಾಸ್‌ವರ್ಡ್ ಕೊಟ್ಟರೆ ಆಯಿತು. ಫಾರ್ಮ್ಯಾಟ್ ಮಾತ್ರ ಒತ್ತಬೇಡಿ.

ಬೀಗ ಹಾಕಿದವನು ಹ್ಯೂಸ್ಟನ್ನಿನ ಅಳಿಯ ಚಿದಾನಂದ್ ಎಂದು ಗೊತ್ತಾಯಿತು. ಅಲ್ಲಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಎಣ್ಣೆ ಕಂಪನಿಯೊಂದರಲ್ಲಿ ಕಂಪ್ಯೂಟರ್ ಸೆಕ್ಯೂರಿಟಿ ಅವನ ಕೆಲಸ. ಮನೆಯಲ್ಲಿ ಉಪ್ಪಿನಕಾಯಿಗೂ ಬೀಗ ಹಾಕುವ ಜಾತಿ ಎನ್ನುತ್ತಾರೆ ಆಂಟಿ. ಸಾಫ್ಟ್‌ವೇರಿನ ಹೆಸರು ಹೇಳಿದ. ಪಾಸ್‌ವರ್ಡು ಅತ್ತೆಯೇ ಇಟ್ಟುಕೊಂಡದ್ದು, ತಾನು ನೋಡಿಲ್ಲ ಎಂದ.

ಆಂಟಿ ಫೋನಿಗೆ ಬಂದರು. ‘ಏನಿಲ್ಲ ತಂಗಿ, ಖಡಕ್ ರೊಟ್ಟಿ. ನಡುವ ಒಂದು ಜಾಗ ಬಿಡು. ದಿನಾ ಹೊಡಿತೀನಿ, ಪಟ್ ಅಂತ ತೆರಿತೈತಿ.’

ಪಟ್ ಅನ್ನಲಿಲ್ಲ. ಅಲ್ಲಿಂದ ನಮ್ಮ ಮನೆಯಲ್ಲಿ ರೊಟ್ಟಿಯ ಮೇಳವೇ ನಡೆಯಿತು. ಖಡಕ್‌ಗೆ ಎಚ್ ಬೇಕೆಂದು ನಾನು, ಬೇಡವೆಂದು ಅವಿನಾಶ್. ಎರಡು ಟಿ, ಒಂದು ಟಿ, ಕೊನೆಗೆ ಐ, ಕೊನೆಗೆ ವೈ, ಕೊನೆಗೆ ಎರಡು ಇ. ಮೈಸೂರಿನವನಿಗೆ ರೊಟ್ಟಿ ತಟ್ಟಲು ಬರುವುದಿಲ್ಲ ಎಂದು ನಾನು ಅಣಕಿಸಿದೆ. ನೀನು ಯಾವತ್ತು ತಟ್ಟಿದ್ದೀಯ ಎಂದು ಅವನು. ಪ್ರತಾಪ್ ಮೀಸೆ ತೆಗೆಯದೆ ವಿಡಿಯೋದಲ್ಲಿ ಕೂತು ಹೊಸ ಹೊಸ ಸ್ಪೆಲ್ಲಿಂಗ್ ಒದಗಿಸಿದ. ‘ಟ್ರೈ ಪಿಜ್ಜಾ, ಪಪ್ಪಾ’ ಎಂದಳು ಅನಘಾ. ಸೋತುಹೋಗಿದ್ದ ಅವಿನಾಶ್ ಅದನ್ನೂ ಹೊಡೆದು ನೋಡಿದ.

ಕೊನೆಗೆ, ನೆನಪಿನಿಂದ ಹೇಳಿಬಿಡಿ ಆಂಟಿ, ನಾವೇ ಬರೆದುಕೊಳ್ಳುತ್ತೇವೆ ಎಂದೆ. ಅವರ ದನಿ ಮೊದಲ ಸಲ ಸಣ್ಣದಾಯಿತು.

‘ನನಗ ನೆನಪಿಲ್ಲ ತಂಗಿ. ಅದು ಬೆರಳಿನಾಗಿಂದ ಬಂದದ್ದು, ಬಾಯಿಲೆ ಬರೂದಿಲ್ಲ. ಹ್ವಾದ್ರ ಹೋತು, ಬೀಗರು ಕಾರಿನಾಗ ಕುಂತಿರ್ಲಿ ಬಿಡು.’

ನಕ್ಕರೇನೋ ನಿಜ, ಆದರೆ ಅದು ಆಂಟಿಯ ನಗುವಾಗಿರಲಿಲ್ಲ.

ಫೋನ್ ಇಟ್ಟು ಹಿಂತಿರುಗಿದರೆ ಅನಘಾ ಬಾಳೆಹಣ್ಣನ್ನೆಲ್ಲ ಲ್ಯಾಪ್‌ಟಾಪಿನ ಕೀಲಿಗಳಿಗೆ ಮೆತ್ತಿದ್ದಳು. ಅವಿನಾಶ್ ತಲೆ ಹಿಡಿದುಕೊಂಡ. ನಾನು ಒದ್ದೆ ಬಟ್ಟೆ ತಂದು ಒಂದೊಂದೇ ಕೀಲಿ ಒರೆಸಿದೆ. ಒರೆಸುತ್ತ ನೋಡಿದರೆ ಎಫ್ ಕೀಲಿಯಲ್ಲಿ ಅಕ್ಷರವೇ ಇಲ್ಲ, ಸವೆದು ಕನ್ನಡಿಯ ಹಾಗಾಗಿದೆ. ಕ್ಯೂ ಕೂಡ ಹೆಚ್ಚುಕಡಿಮೆ ಮಾಯ. ಇಂಗ್ಲಿಷ್ ಬರೆಯುವವರು ಯಾರಾದರೂ ಕ್ಯೂವನ್ನು ಇಷ್ಟು ಸವೆಸುತ್ತಾರೆಯೇ? ಆಗ ನೆನಪಾಯಿತು. ನನ್ನ ದಿನಚರಿಯನ್ನು ಕಂಪ್ಯೂಟರಿನಲ್ಲೇ ಬರೆ ಎಂದು ಆಂಟಿ ಒಮ್ಮೆ ಕನ್ನಡ ಟೈಪಿಂಗ್ ಕಲಿಸಲು ಕೂತಿದ್ದರು. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಒತ್ತಿಗೂ ಅರ್ಧಾಕ್ಷರಕ್ಕೂ ಎಫ್. ನಾನು ಅರ್ಧ ಗಂಟೆಗೇ ಪೆನ್ನಿಗೆ ಮರಳಿದ್ದೆ.

ಮತ್ತೆ ಹ್ಯೂಸ್ಟನ್ನಿಗೆ ಫೋನ್ ಮಾಡಿದೆ. ಅಳಿಯನ ಕಂಪ್ಯೂಟರಿನಲ್ಲಿ ಒಂದು ಖಾಲಿ ಪುಟ ತೆರೆದು, ಪಾಸ್‌ವರ್ಡ್ ಹೊಡೆಯುವ ಹಾಗೆಯೇ ಹೊಡೆಯಿರಿ ಎಂದೆ. ಟಕಟಕ ಸದ್ದು ಕೇಳಿಸಿತು.

‘ಯವ್ವಾ, ಇದೇನಿದು. ರೊಟ್ಟಿ ಎಲ್ಲಿ ಐತಿ ಇದರಾಗ?’

ಪಾಪ, ಅವರು ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ. ಪಾಸ್‌ವರ್ಡ್ ಹೊಡೆಯುವಾಗ ಕಾಣುವುದು ಬರೀ ಚುಕ್ಕಿ. ಯಂತ್ರ ಇಂಗ್ಲಿಷಿನಲ್ಲಿದ್ದರೂ ಅವರ ಬೆರಳು ಕನ್ನಡದಲ್ಲೇ ಇತ್ತು. ಚಿದಾನಂದ್ ಪರದೆ ನೋಡಿ ಒಂದೊಂದೇ ಅಕ್ಷರ ಓದಿದ: ದೊಡ್ಡ ಕೆ, ಡಬ್ಲ್ಯೂ, ಸಣ್ಣ ಕೆ, ಎಫ್, ಒಂದು ಜಾಗ, ಆರ್, ಓ, ಕ್ಯೂ, ಎಫ್, ಕ್ಯೂ, ಐ. ಓದುತ್ತ ಓದುತ್ತ ಅವನಿಗೇ ನಗು ತಡೆಯಲಾಗಲಿಲ್ಲ. ಇಂಥ ಪಾಸ್‌ವರ್ಡ್ ನಮ್ಮ ಕಂಪನಿಯಲ್ಲೂ ಯಾರೂ ಇಟ್ಟಿಲ್ಲ ಅತ್ತೆ ಎಂದ.

ಅವಿನಾಶ್ ಹೊಡೆದ. ಬೀಗ ತೆರೆಯಿತು. ಪ್ರತಾಪ್ ಮೀಸೆ ಕಿತ್ತು ಗಾಳಿಗೆ ಎಸೆದ. ಅನಘಾ ಯಾಕೆಂದು ಗೊತ್ತಿಲ್ಲದಿದ್ದರೂ ಸೋಫಾದ ಮೇಲೆ ಕುಣಿದಳು, ಅವಳ ಜೊತೆ ನಾನೂ.

ಎಲ್ಲವೂ ಅಲ್ಲೇ ಇತ್ತು. ಕೊನೆಯ ದೃಶ್ಯವನ್ನು ನಾನು ಫೋನಿನಲ್ಲಿ ಗಟ್ಟಿಯಾಗಿ ಓದಿದೆ. ಬೀಗರು ರಾಜಿಯಾಗುವುದು ಟ್ರಾಫಿಕ್ ಬಿಟ್ಟದ್ದಕ್ಕಲ್ಲ, ಹಸಿವಿಗೆ. ಹೆಣ್ಣಿನ ಅಮ್ಮ ಚೀಲದಿಂದ ಖಡಕ್ ರೊಟ್ಟಿ ತೆಗೆದು ಮುರಿದು ಅರ್ಧ ಕೊಡುತ್ತಾರೆ. ಪ್ರತಾಪ್ ಅಲ್ಲೇ ತನ್ನ ಮಾತು ಒಪ್ಪಿಸಲು ಶುರು ಮಾಡಿದ.

ಪ್ರಿಂಟ್ ಕೊಡುವ ಮೊದಲು ಮುಖಪುಟ ನೋಡಿದೆ. ‘ಬೀಗರ ಕಾರು’ ಎಂದು ದೊಡ್ಡದಾಗಿ ಇತ್ತು. ಪುಟದ ತಳದಲ್ಲಿ, ಇರುವೆಯಷ್ಟು ಗಾತ್ರದಲ್ಲಿ, ‘ಡಿ.ಟಿ.ಪಿ.: ಲೀಲಾವತಿ’.

‘ಆಂಟಿ, ಬರೆದವರ ಹೆಸರೇ ಹಾಕಿಲ್ವಲ್ಲ?’

‘ಅದನ್ನ ಬರಿಯೋರು ತಂದು ಕೊಡ್ತಾರ ತಂಗಿ, ನಾವು ಹಾಕ್ತೀವಿ’ ಎಂದುಬಿಟ್ಟರು. ಎಂದ ಮೇಲೆ, ಬರೆದವರು ತಾವೇ ಎಂದು ಹೊಳೆದು, ‘ಅಯ್ಯ’ ಎಂದರು.

‘ಸರಿ, ಬರೆದವರು ಹೇಳಲಿ. ಇವತ್ತು ಟೈಪಿಂಗ್ ನಂದು’ ಎಂದೆ.

ಅವರು ಹೇಳಿಕೊಟ್ಟ ಹಾಗೆ ಒಂದೇ ಬೆರಳಿನಲ್ಲಿ ಹೊಡೆದೆ. ರಚನೆ, ಆಮೇಲೆ ಎರಡು ಚುಕ್ಕಿ, ಆಮೇಲೆ ಅವರ ಹೆಸರು. ‘ಅಕ್ಷರದ ಸೈಜು ಎಷ್ಟಿಡ್ಲಿ ಆಂಟಿ?’

‘ಹನ್ನೆರಡು ಸಾಕು’ ಎಂದರು. ಆಮೇಲೆ, ‘ಬ್ಯಾಡ, ಹದಿನೆಂಟು ಇಡು.’

ನಾನು ಇನ್ನೂ ಮೌಸ್ ಹುಡುಕುತ್ತಿದ್ದೆ.

‘ತಂಗಿ, ಆ ಕಾರಿನ ಸೈಜು ಎಷ್ಟೈತಿ?’

‘ಮೂವತ್ತಾರು.’

‘ಹಂಗಾರ ನನಗೂ ಮೂವತ್ತಾರ ಹಾಕಿಬಿಡು.’